‘ಕೋರ್ಟಿನಲ್ಲಿ ಆಗಿಹೋಗಿದೆ’ ಅಂದರೆ ಮೊದಲು ನಂಬರು ಕೇಳಿ

ಊರಿನಿಂದ ದೂರ ಇರುವ ನಮ್ಮಂಥವರ ಕಿವಿಗೆ ಮನೆಯ ಆಸ್ತಿಯ ವಿಷಯ ಬೀಳುವುದು ಅರ್ಧರ್ಧ ಮಾತಿನಲ್ಲೇ. ‘ಅಜ್ಜ ವಿಲ್ ಬರೆದಿಟ್ಟಿದ್ದರಂತೆ’, ‘ಆ ಹೊಲದ ಮೇಲೆ ಹಿಂದೆ ಕೇಸ್ ನಡೆದಿತ್ತಂತೆ’, ‘ಅದೆಲ್ಲ ಕೋರ್ಟಿನಲ್ಲಿ ಆಗಿಹೋಗಿದೆ ಬಿಡು’. ಹೇಳುವವರು ಕಾಗದ ನೋಡಿರುವುದಿಲ್ಲ. ಅವರಿಗೆ ಹೇಳಿದವರೂ ನೋಡಿರುವುದಿಲ್ಲ. ಹೀಗೆ ಬಾಯಿಂದ ಬಾಯಿಗೆ ಬಂದ ಮಾತೇ ಮೂವತ್ತು, ನಲವತ್ತು ವರ್ಷ ಮನೆಯ ಕಾನೂನಾಗಿ ನಡೆದುಬಿಡುತ್ತದೆ. ಹೊಲ ಮಾರಾಟಕ್ಕೆ ಬಂದಾಗಲೋ, ಬ್ಯಾಂಕು ಸಾಲಕ್ಕೆ ದಾಖಲೆ ಕೇಳಿದಾಗಲೋ, ರಸ್ತೆಗೆ ಭೂಸ್ವಾಧೀನದ ನೋಟಿಸು ಬಂದಾಗಲೋ ಅದು ನಿಜವೇ ಎಂಬ ಪ್ರಶ್ನೆ ಏಳುತ್ತದೆ. ಆಗ ಫೋನು ಬರುವುದು ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕೂತಿರುವ ಓದಿದ ಮಕ್ಕಳಿಗೆ.

ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನನಗೂ ಅಂಥ ಫೋನು ಬಂತು. ತಾಲ್ಲೂಕು ಕೋರ್ಟಿನ ಹಳೆಯ ಕಡತವೊಂದನ್ನು ಹುಡುಕಿಸುವ ಕೆಲಸ ಸುಮಾರು ಏಳು ತಿಂಗಳು ಹಿಡಿಯಿತು. ಆ ದಾರಿಯಲ್ಲಿ ಕಲಿತದ್ದು ಇಂಥ ಪರಿಸ್ಥಿತಿಯಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಹಕ್ಕು ಯಾರದ್ದು ಎಂಬ ತೀರ್ಮಾನಕ್ಕೆ ವಕೀಲರೇ ಬೇಕು. ಆದರೆ ವಕೀಲರ ಮುಂದೆ ಇಡಲು ಬೇಕಾದ ಕಾಗದವನ್ನು ಹುಡುಕುವುದು ನಮ್ಮಿಂದ ಆಗುವ ಕೆಲಸ.

ಅತ್ತೆಯ ಪ್ರಶ್ನೆ

ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಜ್ಜ ತೀರಿಕೊಂಡದ್ದು 1986ರಲ್ಲಿ. ಅಪ್ಪ, ಕಾಕಾ, ಇಬ್ಬರು ಅತ್ತೆಯರು. ಹೊಲದ ಉತಾರದಲ್ಲಿ ಅಂದಿನಿಂದ ಇರುವುದು ಅಪ್ಪ, ಕಾಕಾ ಇಬ್ಬರದೇ ಹೆಸರು. ಅಪ್ಪ ಈಗಿಲ್ಲ. ರಸ್ತೆ ಪಕ್ಕದ ಹೊಲ ಮಾರುವ ಮಾತು ಬಂದಾಗ ಕೊಳ್ಳುವವರ ವಕೀಲರು, ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬೇಕು ಅಂದರು. ಕಾಕಾ ದೊಡ್ಡ ಅತ್ತೆಗೆ ಫೋನು ಮಾಡಿ, ‘ಎಲ್ಲಾ 1987ರಾಗ ಕೋರ್ಟಿನ್ಯಾಗ ಮುಗದೈತಿ ಅಕ್ಕಾ, ಇದು ಸುಮ್ನ ಒಂದು ಸಹಿ’ ಅಂದರಂತೆ.

ಅತ್ತೆ ನನಗೆ ಫೋನು ಮಾಡಿದರು. ಜಗಳದ ದನಿ ಇರಲಿಲ್ಲ. ‘ಅಲ್ಲೋ ತಮ್ಮಾ, ಕೋರ್ಟಿನ್ಯಾಗ ಎಲ್ಲಾ ಮುಗದಿದ್ರ ನನ್ನ ಸಹಿ ಯಾಕ ಬೇಕು?’ ಅಂದರು.

ಎಂ.ಟೆಕ್. ಓದಿದ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಕಾಕಾ ಸುಳ್ಳು ಹೇಳುವ ಮನುಷ್ಯರಲ್ಲ. ಅವರಿಗೆ ಹಾಗೆಂದು ಹೇಳಿದ್ದು ನಮ್ಮ ಅಪ್ಪ. ಅತ್ತೆಯರಿಗೆ ಪಾಲು ಇದೆ ಎಂದಾದರೆ ನಮ್ಮ ಮನೆಗೆ ಬರುವ ಪಾಲೂ ಕಡಿಮೆಯಾಗುತ್ತದೆ. ಇದನ್ನು ಅವ್ವನ ಮುಂದೆ ಹೇಳಿದೆ. ‘ಏನೈತಿ ಅದನ್ನ ಹುಡುಕು. ಕಾಗದ ಏನು ಹೇಳತೈತಿ ಅದು ಆಗಲಿ’ ಅಂದಳು. ಅಲ್ಲಿಂದ ಹುಡುಕಾಟ ಶುರುವಾಯಿತು.

ಯಾವ ಕಾಗದ ಹುಡುಕುತ್ತಿದ್ದೇವೆ?

‘ಕೋರ್ಟಿನಲ್ಲಿ ಆಯಿತು’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳು ಇರಬಹುದು. ಒಂದೊಂದರ ಕಡತವೂ ಬೇರೆ, ತೂಕವೂ ಬೇರೆ.

ಮೊದಲನೆಯದು ಪ್ರೊಬೇಟ್. ತೀರಿಕೊಂಡವರು ಬರೆದ ಮೃತ್ಯುಪತ್ರ ನಿಜವಾದದ್ದು ಎಂದು ಕೋರ್ಟು ಒಪ್ಪಿ, ಅದನ್ನು ಜಾರಿ ಮಾಡಬೇಕಾದವರ ಕೈಗೆ ಕೊಡುವ ಮುದ್ರೆಯೊತ್ತಿದ ಪ್ರತಿ ಇದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 57 ಮತ್ತು 213ನೇ ಕಲಂಗಳ ಪ್ರಕಾರ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಾಗಿದ್ದದ್ದು ಹಳೆಯ ಬಂಗಾಳ ಪ್ರಾಂತದಲ್ಲಿ ಹಾಗೂ ಮದ್ರಾಸ್ ಮತ್ತು ಬಾಂಬೆ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿಯಲ್ಲಿ, ಅಂದರೆ ಮುಖ್ಯವಾಗಿ ಆ ನಗರಗಳಲ್ಲಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು 213ನೇ ಕಲಮನ್ನೇ ತೆಗೆದುಹಾಕಿತು. ಹಾಗಾಗಿ ಕರ್ನಾಟಕದ ಹಳ್ಳಿಯ ವಿಲ್‌ಗೆ ಪ್ರೊಬೇಟ್ ಇಲ್ಲ ಅಂದಮಾತ್ರಕ್ಕೆ ಅದು ಸುಳ್ಳು ವಿಲ್ ಎಂದು ತಿಳಿಯಬೇಕಿಲ್ಲ. ಅಜ್ಜ ಮುಂಬೈಯಲ್ಲಿ ಹೋಟೆಲು ಇಟ್ಟುಕೊಂಡಿದ್ದು, ಅಲ್ಲೇ ವಿಲ್ ಬರೆದು ತೀರಿಕೊಂಡವರಾದರೆ, ಅದರ ಕಡತ ಬಾಂಬೆ ಹೈಕೋರ್ಟಿನ ಟೆಸ್ಟಮೆಂಟರಿ ವಿಭಾಗದಲ್ಲಿ ಇರುವ ಸಾಧ್ಯತೆ ಹೆಚ್ಚು. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮನೆಯವರು ಊರ ಕೋರ್ಟಿನಲ್ಲಿ ಹುಡುಕುವ ಕಾಗದ ಮುಂಬೈಯಲ್ಲೇ ಕೂತಿರಬಹುದು.

ಎರಡನೆಯದು ವಾರಸಾ ಪ್ರಮಾಣಪತ್ರ, ಬಳಕೆಯ ಮಾತಿನಲ್ಲಿ ಸಕ್ಸೆಷನ್ ಸರ್ಟಿಫಿಕೇಟ್. ತೀರಿಕೊಂಡವರಿಗೆ ಬರಬೇಕಾದ ಸಾಲ, ಬ್ಯಾಂಕಿನ ಠೇವಣಿ, ಷೇರು, ಬಾಂಡ್ ಇವನ್ನು ಪಡೆಯುವ ಅಧಿಕಾರವನ್ನು ಇದು ಕೊಡುತ್ತದೆ. ಹೊಲ, ಮನೆ, ಜಾಗಕ್ಕೆ ಇದು ಸಂಬಂಧಿಸಿದ್ದಲ್ಲ. ಈ ಒಂದು ವ್ಯತ್ಯಾಸ ತಿಳಿಯದೆ ಹಳ್ಳಿಗಳಲ್ಲಿ ಎಷ್ಟೋ ಗೊಂದಲ ಬೆಳೆದಿದೆ. ಪ್ರೊಬೇಟ್ ಮತ್ತು ವಾರಸಾ ಪ್ರಮಾಣಪತ್ರದ ಅರ್ಜಿಗಳನ್ನು ನಮ್ಮ ರಾಜ್ಯದ ಕೋರ್ಟುಗಳು ‘ಪಿ. ಆ್ಯಂಡ್ ಎಸ್.ಸಿ.’ ಎಂಬ ಒಂದೇ ವರ್ಗದಲ್ಲಿ ನೋಂದಾಯಿಸುತ್ತವೆ.

ಮೂರನೆಯದು ವಾಟ್ನಿ ದಾವೆ. ಇದು ‘ಓ.ಎಸ್.’, ಅಂದರೆ ಅಸಲು ದಾವೆ. ಮೊದಲು ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ, ಆಮೇಲೆ ಯಾವ ತುಂಡು ಯಾರಿಗೆ ಎಂಬ ಅಂತಿಮ ಡಿಕ್ರಿ. ಎರಡನೆಯದು ಹಲವು ಸಲ ‘ಎಫ್.ಡಿ.ಪಿ.’ ಎಂಬ ಬೇರೆ ನಂಬರಿನಲ್ಲಿ ಇರುತ್ತದೆ. ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕದೆ ಬಿಡಬಾರದು.

ನಾಲ್ಕನೆಯದು ಕೋರ್ಟಿಗೆ ಹೋಗದೆಯೇ ನೋಂದಣಿಯಾದ ವಿಲ್. ಇದು ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆಯಂತೆ ಕ್ರಯಪತ್ರ, ವಾಟ್ನಿ ಪತ್ರಗಳು 1ನೇ ಪುಸ್ತಕಕ್ಕೆ ಹೋಗುತ್ತವೆ, ವಿಲ್‌ಗಳು 3ನೇ ಪುಸ್ತಕಕ್ಕೆ. ನಾವು ಸಾಮಾನ್ಯವಾಗಿ ತೆಗೆಸುವ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತಯಾರಾಗುವುದು 1ನೇ ಪುಸ್ತಕದ ಆಧಾರದ ಮೇಲೆ. ಆದ್ದರಿಂದ ಇ.ಸಿ.ಯಲ್ಲಿ ವಿಲ್ ಕಾಣಲಿಲ್ಲ ಅಂದರೆ ವಿಲ್ ಇಲ್ಲ ಎಂದು ಅರ್ಥವಲ್ಲ. ಬರೆದವರು ಬದುಕಿರುವಾಗ 3ನೇ ಪುಸ್ತಕದ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ. ಅವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಅರ್ಜಿ ಕೊಟ್ಟು ಪಡೆಯಬಹುದು. ಮರಣ ಪ್ರಮಾಣಪತ್ರ ಜೊತೆಗಿರಲಿ.

ಹೆಸರಿನಿಂದ ಹುಡುಕಿದರೆ ಸಿಗದು

ನಾವು ಗೂಗಲ್ ಕಾಲದವರು. ಹೆಸರು ಹಾಕಿದರೆ ಎಲ್ಲಾ ಬರಬೇಕು ಅಂದುಕೊಳ್ಳುತ್ತೇವೆ. ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಮತ್ತು ಇಸವಿ ಕೊಟ್ಟು ಹುಡುಕುವ ಸೌಲಭ್ಯ ನಿಜಕ್ಕೂ ಇದೆ. ಇಂದಿನ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಇತ್ತೀಚಿನ ಪ್ರಕರಣವಾದರೆ ಪುಣೆಯಲ್ಲಿ ಕೂತೇ ಆದೇಶ ಓದಬಹುದು. ಹುಡುಕುವಾಗ ‘ಇತ್ಯರ್ಥವಾದ ಪ್ರಕರಣ’ ಎಂಬುದನ್ನು ಆರಿಸಿಕೊಳ್ಳಿ. ಹೆಸರಿನ ಮೊದಲ ಕೆಲವು ಅಕ್ಷರಗಳನ್ನಷ್ಟೇ ಹಾಕಿ. ಬಸವಣ್ಣೆಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಜನ ಗುಮಾಸ್ತರು ನಾಲ್ಕು ರೀತಿ ಬರೆದಿರುತ್ತಾರೆ.

ಆದರೆ ಇ-ಕೋರ್ಟ್ಸ್ ಯೋಜನೆ ಶುರುವಾದದ್ದೇ 2007ರಲ್ಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲು ಮುಗಿದ ಪ್ರಕರಣ ಅಲ್ಲಿ ಸಿಗುವುದು ಅಪರೂಪ. ಅಲ್ಲಿ ‘ದಾಖಲೆ ಇಲ್ಲ’ ಎಂದು ಬಂದರೆ ಅದರ ಅರ್ಥ ಕಂಪ್ಯೂಟರಿನಲ್ಲಿ ಇಲ್ಲ ಎಂದಷ್ಟೇ. ನಮಗೂ ಹಾಗೇ ಬಂತು.

ಹಳೆಯ ಕಡತ ಇರುವುದು ಕೋರ್ಟಿನ ರೆಕಾರ್ಡ್ ರೂಮಿನಲ್ಲಿ, ಬಟ್ಟೆ ಕಟ್ಟಿದ ಗಂಟುಗಳಲ್ಲಿ. ಅಲ್ಲಿ ಎಲ್ಲವೂ ನಿಂತಿರುವುದು ನಂಬರು ಮತ್ತು ಇಸವಿಯ ಮೇಲೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೇ ಆದೇಶದ 2ನೇ ನಿಯಮದಂತೆ ಪ್ರತಿ ಕೋರ್ಟೂ ದಾವೆಗಳ ರಿಜಿಸ್ಟರ್ ಇಡಬೇಕು, ವರ್ಷವರ್ಷವೂ ಬಂದ ಕ್ರಮದಲ್ಲಿ ನಂಬರು ಕೊಡಬೇಕು. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಪ್ರೈಮರಿ ಕೀ ಅದೊಂದೇ. ನಂಬರು ಗೊತ್ತಿದ್ದರೆ ಗಂಟು ಸಿಗುತ್ತದೆ. ನಂಬರು ಇಲ್ಲದಿದ್ದರೆ ಆ ವರ್ಷದ ರಿಜಿಸ್ಟರನ್ನು ಮೊದಲ ಪುಟದಿಂದ ಓದಬೇಕು. ದಿನದ ಕಲಾಪದ ನಡುವೆ ಅಷ್ಟು ಹೊತ್ತು ಅದಕ್ಕೆ ಕೂರಲು ಅಲ್ಲಿನ ಸಿಬ್ಬಂದಿಗೆ ಪುರುಸೊತ್ತು ಇರುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ನಂಬರು ಹೊರಗೆ ಹುಡುಕಿಕೊಂಡು ಒಳಗೆ ಹೋಗಬೇಕು.

ನಂಬರು ಎಲ್ಲೆಲ್ಲಿ ಅಡಗಿರುತ್ತದೆ?

ಮೊದಲು ನೋಡಬೇಕಾದದ್ದು ಪಹಣಿ ಮತ್ತು ಅದರ ಹಿಂದಿನ ಮ್ಯುಟೇಶನ್. ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆಗೆ ಎಂ.ಆರ್. ನಂಬರು ಮತ್ತು ವರ್ಷ ಇರುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ಆ ಎಂ.ಆರ್. ನಕಲು ತೆಗೆಸಿದರೆ ಹೆಸರು ಬದಲಾದದ್ದು ಯಾಕೆ ಎಂಬುದು ಕಾಣುತ್ತದೆ. ಕ್ರಯ, ವಾಟ್ನಿ, ಮೃತ್ಯುಪತ್ರ, ಕೋರ್ಟ್ ಡಿಕ್ರಿ, ಪೌತಿ, ಹೀಗೆ ಕಾರಣ ಬರೆದಿರುತ್ತಾರೆ. ಡಿಕ್ರಿಯಿಂದ ಆದದ್ದಾದರೆ ದಾವೆಯ ನಂಬರೂ ಅಲ್ಲೇ ಸಿಗುವ ಸಾಧ್ಯತೆ ಇದೆ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ಈಗ ನಡೆಯುತ್ತಿರುವುದರಿಂದ ಈ ಕೆಲಸ ಮೊದಲಿಗಿಂತ ಸುಲಭವಾಗುತ್ತಿದೆ.

ನಮ್ಮ ಎಂ.ಆರ್. ನಕಲಿನಲ್ಲಿ ಇದ್ದದ್ದು ‘ಪೌತಿ’ ಎಂಬ ಒಂದೇ ಪದ. ಅಜ್ಜ ತೀರಿಕೊಂಡರು, ಇಬ್ಬರು ಗಂಡುಮಕ್ಕಳು ವರದಿ ಕೊಟ್ಟರು, ಹೆಸರು ಏರಿತು, ಅಷ್ಟೆ. ಕೋರ್ಟಿನ ಸುಳಿವೇ ಇಲ್ಲ. ಅಂದರೆ ಹೊಲ ಇವರ ಹೆಸರಿಗೆ ಬಂದದ್ದು ಕೋರ್ಟಿನಿಂದ ಅಲ್ಲ. ಹಾಗಾದರೆ 1987ರಲ್ಲಿ ಕೋರ್ಟಿನಲ್ಲಿ ಆದದ್ದು ಏನು?

ಎರಡನೆಯ ಜಾಗ ಮನೆಯ ಟ್ರಂಕು. ತೀರ್ಪಿನ ಪ್ರತಿ ಇಲ್ಲದಿದ್ದರೂ ವಕೀಲರು ಬರೆದ ಕಾರ್ಡು, ಕೋರ್ಟ್ ಫೀ ರಸೀದಿ, ಸಮನ್ಸ್, ಬ್ಯಾಂಕಿನ ಪತ್ರ ಇರುತ್ತವೆ. ಅವುಗಳ ಮೂಲೆಯಲ್ಲಿ ಕೈಬರಹದ ನಂಬರು ಇರುತ್ತದೆ. ವಾರಸಾ ಅರ್ಜಿಗಳಲ್ಲಿ ಪತ್ರಿಕೆಗೆ ಸಾರ್ವಜನಿಕ ನೋಟಿಸು ಕೊಡಿಸುವ ರೂಢಿ ಇರುವುದರಿಂದ ಪತ್ರಿಕೆಯ ಕತ್ತರಿಸಿದ ತುಂಡೂ ಸಿಗಬಹುದು. ಅದರಲ್ಲಿ ಕೋರ್ಟಿನ ಹೆಸರು, ನಂಬರು ಎರಡೂ ಇರುತ್ತವೆ.

ಮೂರನೆಯದು ಮೇಲ್ಮನವಿ. ಪ್ರಕರಣ ಹೈಕೋರ್ಟಿನವರೆಗೆ ಹೋಗಿದ್ದರೆ ಆ ತೀರ್ಪಿನ ಮೊದಲ ಪುಟದಲ್ಲೇ ಕೆಳಗಿನ ಕೋರ್ಟುಗಳ ನಂಬರು, ದಿನಾಂಕ ನಮೂದಾಗಿರುತ್ತದೆ. 2008ರ ಮೊದಲಿನ ಉತ್ತರ ಕರ್ನಾಟಕದ ಮೇಲ್ಮನವಿಗಳು ದಾಖಲಾದದ್ದು ಬೆಂಗಳೂರಿನಲ್ಲಿ. ಧಾರವಾಡ, ಕಲಬುರಗಿ ಪೀಠಗಳು ಕೆಲಸ ಆರಂಭಿಸಿದ್ದು ಆ ವರ್ಷ.

ನಾಲ್ಕನೆಯದು ವಕೀಲರ ಮನೆ. ತಾಲ್ಲೂಕು ಊರುಗಳಲ್ಲಿ ವಕೀಲಿ ತಂದೆಯಿಂದ ಮಗನಿಗೆ ಬಂದಿರುತ್ತದೆ. ಹಳೆಯ ವಕೀಲರ ಗುಮಾಸ್ತರಿಗೆ ಊರ ಅರ್ಧ ಕೇಸುಗಳ ನೆನಪಿರುತ್ತದೆ. ಇವರು ಯಾವ ಸಾಫ್ಟ್‌ವೇರಿಗೂ ಕಡಿಮೆಯಿಲ್ಲದ ಸೂಚಿ. ಆದರೆ ಇದಕ್ಕೆ ಬ್ಯಾಕಪ್ ಇಲ್ಲ.

ನಮಗೆ ನಂಬರು ಸಿಕ್ಕಿದ್ದು ಟ್ರಂಕಿನಲ್ಲಿ. ಅಜ್ಜನ ಠೇವಣಿ ಹಣ ಬಿಡುಗಡೆಯಾದ ಬಗ್ಗೆ ಬ್ಯಾಂಕಿನಿಂದ ಬಂದಿದ್ದ ಹಳದಿ ಬಣ್ಣಕ್ಕೆ ತಿರುಗಿದ ಪತ್ರದಲ್ಲಿ ‘ಪಿ. ಆ್ಯಂಡ್ ಎಸ್.ಸಿ.’ ಎಂದು ಬರೆದು ನಂಬರು, 1987 ಎಂಬ ಇಸವಿ ಇತ್ತು. ಅವ್ವ ಅದನ್ನು ಫೋಟೊ ತೆಗೆಸಿ ಕಳಿಸಿದ ದಿನ ನಮಗೆ ಅರ್ಧ ಉತ್ತರ ಸಿಕ್ಕಂತಾಗಿತ್ತು.

ಯಾವ ಊರಿನ ಕೋರ್ಟು?

ಹೊಲ ಇರುವ ಊರಿನ ಕೋರ್ಟಿಗೆ ನೇರ ಹೋಗುವ ಮೊದಲು ಸ್ವಲ್ಪ ಯೋಚಿಸಬೇಕು. ವಾರಸಾ ಪ್ರಮಾಣಪತ್ರದ ಅರ್ಜಿ ಹೋಗುವುದು ತೀರಿಕೊಂಡವರು ಸಾಮಾನ್ಯವಾಗಿ ವಾಸವಿದ್ದ ಸ್ಥಳದ ಕೋರ್ಟಿಗೆ. ನೌಕರಿಯಲ್ಲಿದ್ದು ಸೊಲ್ಲಾಪುರದಲ್ಲೋ ಮುಂಬೈಯಲ್ಲೋ ತೀರಿಕೊಂಡವರ ಕಡತವನ್ನು ಅಲ್ಲಿಯೇ ಹುಡುಕಬೇಕು.

ಜಿಲ್ಲೆಗಳೂ ಬದಲಾಗಿವೆ. ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ದಾವಣಗೆರೆ, ಉಡುಪಿ, ಚಾಮರಾಜನಗರ ಇವೆಲ್ಲ ಹೊಸ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮೊದಲಿನ ಹಾವೇರಿಯ ಜಿಲ್ಲಾ ಮಟ್ಟದ ಪ್ರಕರಣವನ್ನು ಧಾರವಾಡದಲ್ಲೂ, ಗದಗದ್ದನ್ನೂ ಅಲ್ಲೇ, ಉಡುಪಿಯದ್ದನ್ನು ಮಂಗಳೂರಿನಲ್ಲೂ ಕೇಳಬೇಕಾಗುತ್ತದೆ. ಕೋರ್ಟಿನ ಹೆಸರೂ ಬದಲಾಗಿದೆ. ಹಿರಿಯರು ‘ಮುನ್ಸೀಫ್ ಕೋರ್ಟು’ ಅನ್ನುವುದು ಇಂದಿನ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ.

1956ರ ಏಕೀಕರಣಕ್ಕಿಂತ ಹಿಂದೆ ಹೋದರೆ ಭಾಷೆಯ ತೊಡಕು ಬರುತ್ತದೆ. ಮುಂಬೈ ಪ್ರಾಂತದಲ್ಲಿದ್ದ ಬೆಳಗಾವಿ, ವಿಜಯಪುರದ ಕಡೆ ಮರಾಠಿ, ಮೋಡಿ ಲಿಪಿಯ ಕಾಗದ ಸಿಗಬಹುದು. ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್‌ನಲ್ಲಿ ಉರ್ದು ದಾಖಲೆಗಳಿವೆ. ಇಲ್ಲಿ ಹೊರಗಿರುವ ನಮಗೇ ಒಂದು ಅನುಕೂಲ. ಮೋಡಿ ಓದಬಲ್ಲವರು ಪುಣೆಯಲ್ಲಿ ಸಿಗುತ್ತಾರೆ, ಹಳೆಯ ಕಚೇರಿ ಉರ್ದು ಬಲ್ಲವರು ಹೈದರಾಬಾದಿನಲ್ಲಿ. ಊರಿನಲ್ಲಿ ಓದಲಾಗದೆ ಬಿಟ್ಟ ಕಾಗದದ ಒಳ್ಳೆಯ ಫೋಟೊ ತರಿಸಿಕೊಂಡು ಇಲ್ಲಿ ಓದಿಸಬಹುದು.

ಕೋರ್ಟಿನ ಒಳಗೆ

ನಂಬರು ಕೈಗೆ ಬಂದ ಮೇಲೆ ಬೇಕಾದದ್ದು ದೃಢೀಕೃತ ನಕಲಿಗಾಗಿ ಅರ್ಜಿ. ಕೋರ್ಟಿನ ನಕಲು ವಿಭಾಗದಲ್ಲಿ ಫೀ ಸ್ಟಾಂಪು ಹಚ್ಚಿ ಕೊಡಬೇಕು. ಪ್ರಕರಣದಲ್ಲಿ ಕಕ್ಷಿದಾರರಾಗಿದ್ದವರಿಗೆ ಇದು ಸುಲಭ. ಹೊರಗಿನವರಾದರೆ ನಕಲು ಯಾಕೆ ಬೇಕು ಎಂಬುದಕ್ಕೆ ಕಾರಣ ತೋರಿಸಬೇಕಾಗುತ್ತದೆ. ಕಕ್ಷಿದಾರರು ತೀರಿಕೊಂಡಿದ್ದು ನೀವು ಅವರ ವಾರಸುದಾರರಾದರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ. ಪ್ರತಿ ಸಲ ರಜೆ ಹಾಕಿ ಓಡಾಡಲು ಆಗದವರು ಆ ಊರಿನ ವಕೀಲರೊಬ್ಬರಿಗೆ ವಕಾಲತ್ತು ಕೊಡುವುದೇ ಸರಿ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಆಗದೇ ಎಂದು ನನ್ನ ಸಹೋದ್ಯೋಗಿಗಳು ಕೇಳಿದ್ದರು. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ. ಕೋರ್ಟಿನ ನಿಯಮಗಳಲ್ಲೇ ನಕಲು ಪಡೆಯುವ ದಾರಿ ಇರುವಾಗ ಆ ದಾರಿಯಲ್ಲೇ ಹೋಗಬೇಕು, ಆರ್‌ಟಿಐನಲ್ಲಿ ಕೇಳಲಾಗದು ಎಂದು ಅದು ಹೇಳಿತು.

ಅರ್ಜಿಯಲ್ಲಿ ಏನು ಕೇಳುತ್ತೀರಿ ಎಂಬುದೂ ಮುಖ್ಯ. ಆದೇಶದ ಪ್ರತಿಯೊಂದನ್ನೇ ಕೇಳಬೇಡಿ. ಮೂಲ ಅರ್ಜಿ, ಅದರ ಜೊತೆಗಿನ ಆಸ್ತಿ ವಿವರದ ಪಟ್ಟಿ, ಎದುರುದಾರರ ತಕರಾರು, ಆದೇಶ, ಕೊನೆಗೆ ಕೊಟ್ಟ ಪ್ರಮಾಣಪತ್ರ, ಎಲ್ಲವನ್ನೂ ಕೇಳಿ. ಕಡತದ ಎಲ್ಲ ಹಾಳೆಗಳೂ ಒಂದೇ ಕಾಲ ಉಳಿಯುವುದಿಲ್ಲ. ತೀರ್ಪು, ಡಿಕ್ರಿಯಂಥವನ್ನು ಹೆಚ್ಚು ಕಾಲ ಕಾಯ್ದಿಡುತ್ತಾರೆ. ಉಳಿದ ಎಷ್ಟೋ ಕಾಗದಗಳನ್ನು ಅವಧಿ ಮುಗಿದ ಮೇಲೆ ನಿಯಮದ ಪ್ರಕಾರವೇ ನಾಶ ಮಾಡುತ್ತಾರೆ. ಹಾಗಾಗಿ ತಡ ಮಾಡಿದಷ್ಟೂ ಸಿಗುವ ಹಾಳೆ ಕಡಿಮೆ.

ಅರ್ಜಿ ಕೊಟ್ಟದ್ದು ಅತ್ತೆಯ ಹೆಸರಿನಲ್ಲಿ. ಮೊದಲ ಸಲ ಗಂಟು ಸಿಗಲಿಲ್ಲ. ರಿಜಿಸ್ಟರಿನಲ್ಲಿ ನಮೂದು ಇತ್ತು, ಅದರ ನಂಬರನ್ನು ಬರೆದುಕೊಂಡು ವಕೀಲರು ಮತ್ತೆ ಅರ್ಜಿ ಕೊಟ್ಟರು. ಕೋರ್ಟು ಹೊಸ ಕಟ್ಟಡಕ್ಕೆ ಹೋದಾಗ ಹಳೆಯ ಗಂಟುಗಳ ಸಾಲು ಬದಲಾಗಿತ್ತು. ಎರಡನೆಯ ಹುಡುಕಾಟದಲ್ಲಿ ಸಿಕ್ಕಿತು. ರೆಕಾರ್ಡ್ ರೂಮಿನ ಸಿಬ್ಬಂದಿಯೊಬ್ಬರು ತಾವೇ ಮುತುವರ್ಜಿ ವಹಿಸಿ ಹುಡುಕಿಕೊಟ್ಟರು ಎಂಬುದನ್ನು ಇಲ್ಲಿ ನೆನೆಯಬೇಕು.

ಕಾಗದ ಹೇಳಿದ್ದು

ಕಡತದಲ್ಲಿ ಉಳಿದಿದ್ದದ್ದು ಹನ್ನೊಂದು ಹಾಳೆ. ಅದು ವಾಟ್ನಿ ದಾವೆಯಲ್ಲ, ವಾರಸಾ ಪ್ರಮಾಣಪತ್ರದ ಅರ್ಜಿ. ಪಟ್ಟಿಯಲ್ಲಿ ಇದ್ದದ್ದು ಬ್ಯಾಂಕಿನ ಒಂದು ಠೇವಣಿ, ಒಂದು ಉಳಿತಾಯ ಖಾತೆ. ಹೊಲದ ಹೆಸರೇ ಇಲ್ಲ.

ಇಂಥ ಅರ್ಜಿಯಲ್ಲಿ ತೀರಿಕೊಂಡವರ ಕುಟುಂಬದವರು, ಹತ್ತಿರದ ಸಂಬಂಧಿಗಳು ಯಾರು, ಎಲ್ಲಿ ವಾಸ ಎಂದು ಬರೆಯಲೇಬೇಕು. ಕಾಯ್ದೆಯ 372ನೇ ಕಲಂ ಹಾಗೆ ಹೇಳುತ್ತದೆ. ನಮ್ಮ ಅಪ್ಪ ಕೊಟ್ಟ ಆ ಅರ್ಜಿಯಲ್ಲಿ ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಐವರ ಹೆಸರೂ ವಯಸ್ಸು, ಊರಿನ ಸಮೇತ ಇತ್ತು. ಅತ್ತೆಯರು ವಾರಸುದಾರರು ಎಂದು ಅಪ್ಪ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದರು. ಅದೇ ಹೊತ್ತಿಗೆ ತಾಲ್ಲೂಕು ಕಚೇರಿಗೆ ಕೊಟ್ಟ ವರದಿಯಲ್ಲಿ ಮಾತ್ರ ಅವರ ಹೆಸರು ಬಿಟ್ಟುಹೋಗಿತ್ತು. ಆ ಕಾಲದಲ್ಲಿ ನಮ್ಮ ಕಡೆ ಹಾಗೆಯೇ ಮಾಡುತ್ತಿದ್ದರು. ಹೆಣ್ಣುಮಕ್ಕಳಿಗೆ ಸೀರೆ, ಉಡಿ ತುಂಬಿ ಕಳಿಸಿದರೆ ಮುಗಿಯಿತು ಎಂಬ ಲೆಕ್ಕ.

ಈ ಕಾಗದದ ಬೆಲೆ ಇಂದು ಯಾಕೆ ದೊಡ್ಡದು ಎಂಬುದಕ್ಕೆ ಹಿನ್ನೆಲೆ ಇದೆ. ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಆ ದಿನಕ್ಕೆ ತಂದೆ ಬದುಕಿರಬೇಕಾಗಿಲ್ಲ ಎಂದೂ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಆದ ವಿಭಾಗವನ್ನು ಈ ಕಾನೂನು ಮುಟ್ಟುವುದಿಲ್ಲ. ಹಾಗಾಗಿ 1987ರಲ್ಲಿ ಆದದ್ದು ವಾಟ್ನಿ ಡಿಕ್ರಿಯೋ, ಬ್ಯಾಂಕಿನ ದುಡ್ಡಿನ ಪ್ರಮಾಣಪತ್ರವೋ ಎಂಬುದರ ಮೇಲೆ ಇಬ್ಬರು ಹೆಂಗಸರ ಹಕ್ಕು ನಿಂತಿತ್ತು. ವಾರಸಾ ಪ್ರಮಾಣಪತ್ರದ ತೀರ್ಮಾನವು ಅದೇ ಪ್ರಶ್ನೆಯನ್ನು ಬೇರೆ ದಾವೆಯಲ್ಲಿ ಎತ್ತುವುದಕ್ಕೆ ಅಡ್ಡಿಯಲ್ಲ ಎಂದು 387ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.

ನಕಲನ್ನು ಕಾಕಾನ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ಓದಿದರು. ‘ಅಣ್ಣ ಹಂಗಂದಿದ್ದ, ನಾ ಹಂಗ ನಂಬಿದ್ದೆ’ ಅಂದರು. ಮಾರಾಟದ ಮಾತು ಸದ್ಯಕ್ಕೆ ನಿಂತಿದೆ. ಪಾಲಿನ ಲೆಕ್ಕ ಇನ್ನೂ ಮುಗಿದಿಲ್ಲ. ಯಾರಿಗೆ ಎಷ್ಟು, ಹಣವೋ ಹೊಲವೋ ಎಂಬ ಮಾತು ನಡೆಯುತ್ತಿದೆ, ಕೆಲವು ಸಲ ಬಿಸಿಯಾಗಿಯೇ. ಆದರೆ ಈಗ ಅತ್ತೆಯರು ಆ ಮಾತುಕತೆಯಲ್ಲಿ ಕೂತಿರುವುದು ಸಹಿ ಹಾಕಿ ಹೋಗುವವರಾಗಿ ಅಲ್ಲ, ಪಾಲುದಾರರಾಗಿ. ನಮ್ಮ ಮನೆಯ ಪಾಲು ಎಷ್ಟಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಅವ್ವನಿಗೂ ಗೊತ್ತು. ಅವಳು ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಮುಂದಿನ ಸಲ ಊರಿಗೆ ಹೋದಾಗ

ಎಲ್ಲರ ಹುಡುಕಾಟವೂ ಹೀಗೆ ಮುಗಿಯುವುದಿಲ್ಲ. ನಿಜವಾಗಿಯೂ ಡಿಕ್ರಿ ಇದ್ದು, ಇಷ್ಟು ದಿನ ಇಟ್ಟುಕೊಂಡ ಆಸೆ ಅಲ್ಲಿಗೇ ಮುಗಿಯಬಹುದು. ಅದೂ ಉತ್ತರವೇ. ಕಡತ ನಾಶವಾಗಿದ್ದರೆ ಕೋರ್ಟಿನಿಂದ ಹಾಗೆಂದು ಲಿಖಿತ ಹಿಂಬರಹ ಪಡೆಯಿರಿ. ರಿಜಿಸ್ಟರಿನ ನಮೂದಿನ ನಕಲಾದರೂ ಕೇಳಿ. ನೋಂದಾಯಿತ ವಿಲ್ ಸಿಕ್ಕರೆ ಅಲ್ಲಿಗೇ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ವಿಲ್ ನೋಂದಣಿಯಾಗಿದ್ದರೂ ಅದನ್ನು ಕೋರ್ಟಿನಲ್ಲಿ ರುಜುವಾತು ಮಾಡಲು ಸಹಿ ಹಾಕಿದ ಸಾಕ್ಷಿಗಳ ಮಾತು ಬೇಕಾಗುತ್ತದೆ. ಆ ಸಾಕ್ಷಿಗಳು ಯಾರು, ಬದುಕಿದ್ದಾರೆಯೇ ಎಂದು ಈಗಲೇ ನೋಡಿಕೊಳ್ಳಬೇಕು.

ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಒಂದು ಮಧ್ಯಾಹ್ನ ಇದಕ್ಕಾಗಿ ಎತ್ತಿಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಐದು ಪ್ರಶ್ನೆ ಕೇಳಿ. ಯಾರು ಯಾವ ಇಸವಿಯಲ್ಲಿ, ಎಲ್ಲಿ ತೀರಿಕೊಂಡರು? ಕೇಸು ಯಾವ ಊರಿನಲ್ಲಿ ನಡೆಯಿತು? ವಕೀಲರು ಯಾರು? ಕೇಸು ಹೊಲದ್ದೋ, ಮನೆಯದ್ದೋ, ಬ್ಯಾಂಕಿನದ್ದೋ? ಮೇಲಿನ ಕೋರ್ಟಿಗೆ ಹೋಗಿತ್ತೇ? ಉತ್ತರಗಳನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಟ್ರಂಕಿನ ಕಾಗದಗಳ ಎರಡೂ ಬದಿಯ ಫೋಟೊ ತೆಗೆಯಿರಿ. ಹಿಂಬದಿಯಲ್ಲೇ ಹೆಚ್ಚು ನಂಬರುಗಳಿರುತ್ತವೆ. ಮನೆಯ ಹೆಣ್ಣುಮಕ್ಕಳನ್ನು ಕೇಳುವುದನ್ನು ಮರೆಯಬೇಡಿ. ಮದುವೆಯಾಗಿ ಬೇರೆ ಊರಿಗೆ ಹೋದವರ ಬಳಿ ಸಮನ್ಸಿನ ಒಂದು ಹಾಳೆ ಬಟ್ಟೆಯ ಮಡಿಕೆಯಲ್ಲಿ ಉಳಿದಿರುವುದುಂಟು.

ಯಾರಾದರೂ ‘ಅದೆಲ್ಲ ಕೋರ್ಟಿನಲ್ಲಿ ಆಗಿಹೋಗಿದೆ, ಇಲ್ಲಿ ಒಂದು ಸಹಿ ಹಾಕು’ ಅಂದರೆ ಕೋಪ ಮಾಡಿಕೊಳ್ಳಬೇಕಿಲ್ಲ. ‘ಆಗಲಿ, ನಂಬರು ಎಷ್ಟು, ಇಸವಿ ಯಾವುದು?’ ಎಂದು ಕೇಳಿ. ಅದು ಕೈಗೆ ಬಂದು, ನಕಲು ಓದಿ ನೋಡುವ ತನಕ ಸಹಿ ಕಾಯಲಿ.